ನೆಲದಡಿಯ ಅನಿಲ: ಅಳೆಯುವ ಹೊಣೆ ಯಾರದು?

ದಾವಣಗೆರೆ: ಈ ನಗರದ ಗಾಳಿ ಕೆಟ್ಟಿದೆ ಎಂಬುದು ಸರ್ಕಾರವೇ ಒಪ್ಪಿಕೊಂಡಿರುವ ಸಂಗತಿ. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ ಮತ್ತು ಕಲಬುರಗಿಯ ಜತೆಗೆ ದಾವಣಗೆರೆಯ ಹೆಸರೂ ಸೇರಿದೆ. ಅಂದಿನಿಂದ ರಸ್ತೆಯ ದೂಳು, ವಾಹನಗಳ ಹೊಗೆ, ಕಸಕ್ಕೆ ಹಚ್ಚುವ ಬೆಂಕಿ ಇವೆಲ್ಲ ಕಡತಗಳಲ್ಲಿ ಸ್ಥಾನ ಪಡೆದಿವೆ. ಮಂಡಕ್ಕಿ ಭಟ್ಟಿಗಳ ಹೊಗೆಯ ಬಗ್ಗೆಯಂತೂ ಇಲ್ಲಿ ದಶಕಗಳಿಂದ ಮಾತು ನಡೆದಿದೆ. ಆದರೆ ಈ ಎಲ್ಲ ಚರ್ಚೆಯೂ ಮನೆಯ ಹೊರಗಿನ ಗಾಳಿಗೆ ಸಂಬಂಧಿಸಿದ್ದು. ಮನುಷ್ಯ ದಿನದ ಹೆಚ್ಚು ಹೊತ್ತು ಕಳೆಯುವುದು ಮನೆ, ಅಂಗಡಿ, ಕಚೇರಿ, ಶಾಲೆಗಳ ಒಳಗೆ. ಆ ಗಾಳಿಗೆ ಇಲಾಖೆಯಿಲ್ಲ.

2009ರಲ್ಲಿ ಅಧಿಸೂಚಿತವಾದ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ. ಸೂಕ್ಷ್ಮ ಕಣಗಳಿಂದ ಹಿಡಿದು ಸೀಸ, ಬೆಂಜೀನ್, ನಿಕ್ಕಲ್‌ವರೆಗೆ ಹೆಸರುಗಳು ಸಿಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಪ್ರಮುಖ ಕಾರಣವೆಂದು ಗುರುತಿಸಿರುವ ರೇಡಾನ್ ಅನಿಲ ಆ ಪಟ್ಟಿಯಲ್ಲಿಲ್ಲ. ಇರಬೇಕಾದ ಕಾರಣವೂ ಇಲ್ಲ ಎನ್ನಬಹುದು. ಬಯಲಿನಲ್ಲಿ ರೇಡಾನ್ ಗಾಳಿಯಲ್ಲಿ ಕರಗಿ ಹೋಗುತ್ತದೆ. ಅದು ಅಪಾಯಕಾರಿಯಾಗುವುದು ಮುಚ್ಚಿದ ಕಟ್ಟಡದೊಳಗೆ ಮಾತ್ರ. ಕಟ್ಟಡಗಳ ವಿಷಯವೋ, ಸ್ಥಳೀಯ ಸಂಸ್ಥೆಗಳ ವಿಷಯ. ಪ್ರಶ್ನೆ ಏಳುವುದು ಇಲ್ಲಿಯೇ.

ಏನಿದು ರೇಡಾನ್?

ಕಲ್ಲು ಮತ್ತು ಮಣ್ಣಿನಲ್ಲಿ ಅಲ್ಪ ಪ್ರಮಾಣದಲ್ಲಿ ಯುರೇನಿಯಂ ಎಲ್ಲೆಡೆಯೂ ಇರುತ್ತದೆ. ಅದು ಕ್ರಮೇಣ ಕ್ಷಯಿಸುತ್ತಾ ರೇಡಿಯಂ ಆಗುತ್ತದೆ. ರೇಡಿಯಂನಿಂದ ಹುಟ್ಟುವುದು ರೇಡಾನ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ತನ್ನ ಪೂರ್ವಜರೆಲ್ಲ ಘನವಸ್ತುಗಳಾಗಿ ಕಲ್ಲಿನಲ್ಲೇ ಉಳಿದರೆ ಇದೊಂದು ಅನಿಲವಾಗಿರುವುದರಿಂದ ಮಣ್ಣಿನ ಸಂದುಗಳಲ್ಲಿ ನುಸುಳಿ ಮೇಲೆ ಬರುತ್ತದೆ. ನೆಲದ ಬಿರುಕು, ಗೋಡೆ–ನೆಲ ಸೇರುವ ಸಂದು, ಕೊಳವೆ ಹಾದುಹೋದ ರಂಧ್ರ ಇವೇ ಅದರ ಬಾಗಿಲುಗಳು.

ರೇಡಾನ್‌ನ ಅರ್ಧಾಯುಷ್ಯ 3.8 ದಿನ. ಅಂದರೆ ಇಂದು ಇರುವ ಪ್ರಮಾಣ ನಾಲ್ಕು ದಿನ ತುಂಬುವಷ್ಟರಲ್ಲಿ ಅರ್ಧಕ್ಕಿಳಿಯುತ್ತದೆ. ಉಸಿರಿನೊಡನೆ ಒಳಹೋದ ಅನಿಲದ ಹೆಚ್ಚಿನ ಪಾಲು ಹಾಗೆಯೇ ಹೊರಬರುತ್ತದೆ. ತೊಂದರೆ ಕೊಡುವುದು ಅದರ ಸಂತತಿ. ಪೊಲೋನಿಯಂ, ಬಿಸ್ಮತ್, ಸೀಸದ ವಿಕಿರಣಶೀಲ ಕಣಗಳು ದೂಳಿಗೆ ಅಂಟಿಕೊಂಡು ಶ್ವಾಸನಾಳದಲ್ಲಿ ಕೂರುತ್ತವೆ. ಅಲ್ಲಿ ಪೊಲೋನಿಯಂ ಹೊರಸೂಸುವ ಆಲ್ಫಾ ಕಣಗಳು ಜೀವಕೋಶಗಳಿಗೆ ಪೆಟ್ಟು ಕೊಡುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ರೇಡಾನನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು.

ಗಣಿಗಳಲ್ಲಿ ದುಡಿದವರ ಕಾಯಿಲೆ ಎಂದು ಬಹುಕಾಲ ತಿಳಿಯಲಾಗಿದ್ದ ಇದು ಮನೆಯ ಪ್ರಶ್ನೆಯಾಗಿ ಬದಲಾದದ್ದು 1984ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಲಿಮರಿಕ್ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಕಾವಲು ಯಂತ್ರವನ್ನು ದಾಟುವಾಗಲೆಲ್ಲ ವಿಕಿರಣದ ಗಂಟೆ ಬಾರಿಸುತ್ತಿತ್ತು. ಸ್ಥಾವರವಾದರೋ ಇನ್ನೂ ವಿದ್ಯುತ್ ಉತ್ಪಾದನೆ ಆರಂಭಿಸಿರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಆತನ ಮನೆಯೊಳಗಿನ ರೇಡಾನ್. ಘನ ಮೀಟರ್ ಗಾಳಿಗೆ ಸುಮಾರು ಒಂದು ಲಕ್ಷ ಬೆಕ್ವೆರೆಲ್ ಎಂಬ ಊಹಾತೀತ ಮಟ್ಟ. (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕ್ವೆರೆಲ್.) ಅಣು ಸ್ಥಾವರಕ್ಕಿಂತ ಮಲಗುವ ಕೋಣೆಯಲ್ಲೇ ಹೆಚ್ಚು ವಿಕಿರಣವಿದ್ದ ಈ ಪ್ರಕರಣದ ನಂತರವೇ ಅಮೆರಿಕದಲ್ಲಿ ಮನೆ ಮನೆಯ ತಪಾಸಣೆ ಶುರುವಾಯಿತು, 1988ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂತು.

ಅಪಾಯದ ನಿಜವಾದ ಅಳತೆ

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಮನೆಯೊಳಗಿನ ವಾರ್ಷಿಕ ಸರಾಸರಿ ಘನ ಮೀಟರಿಗೆ 100 ಬೆಕ್ವೆರೆಲ್ ಮೀರಬಾರದು. ಸ್ಥಳೀಯ ಕಾರಣಗಳಿಂದ ಅದು ಸಾಧ್ಯವಾಗದಿದ್ದರೂ 300ರ ಗಡಿ ದಾಟಕೂಡದು. ದೇಶದಿಂದ ದೇಶಕ್ಕೆ ವ್ಯತ್ಯಾಸವಿದ್ದು, ಶ್ವಾಸಕೋಶದ ಕ್ಯಾನ್ಸರ್ ಪ್ರಕರಣಗಳಲ್ಲಿ ಶೇ 3ರಿಂದ ಶೇ 14ರಷ್ಟಕ್ಕೆ ರೇಡಾನ್ ಕಾರಣ ಎಂಬುದು ಅದೇ ಸಂಸ್ಥೆಯ ಅಂದಾಜು.

ಈ ಸಂಖ್ಯೆಗಳನ್ನು ಹಾಗೆಯೇ ಮುಂದಿಟ್ಟು ಜನರನ್ನು ಹೆದರಿಸುವುದು ಸುಲಭ. ಆದರೆ 2005ರಲ್ಲಿ ಪ್ರಕಟವಾದ ಯುರೋಪಿನ ಸಂಯುಕ್ತ ಅಧ್ಯಯನವೊಂದು ವಿಷಯವನ್ನು ಸ್ಪಷ್ಟವಾಗಿ ಬಿಡಿಸಿಟ್ಟಿದೆ. ಪ್ರತಿ 100 ಬೆಕ್ವೆರೆಲ್ ಹೆಚ್ಚಳಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಸಂಭವ ಶೇ 16ರಷ್ಟು ಏರುತ್ತದೆ. ಜೀವನದಲ್ಲಿ ಎಂದೂ ಸಿಗರೇಟು ಸೇದದವರಲ್ಲಿ 75ನೇ ವಯಸ್ಸಿನೊಳಗೆ ಈ ಕಾಯಿಲೆ ಬರುವ ಸಂಭವ, ರೇಡಾನ್ ಇಲ್ಲವೇ ಇಲ್ಲ ಎಂದಾದರೆ ಸಾವಿರಕ್ಕೆ 4. 100 ಬೆಕ್ವೆರೆಲ್ ಇದ್ದಲ್ಲಿ 5. 400 ಇದ್ದಲ್ಲಿ 7. ಸಿಗರೇಟು ಸೇದುವವರಲ್ಲಿ ಅದೇ ಲೆಕ್ಕ ಸಾವಿರಕ್ಕೆ 100, 120 ಮತ್ತು 160 ಆಗುತ್ತದೆ.

ಈ ಎರಡು ಸಾಲುಗಳನ್ನು ಎದುರುಬದುರಾಗಿ ಓದಿದವರಿಗೆ ಒಂದು ಸಂಗತಿ ಹೊಳೆಯದೇ ಇರದು. ರೇಡಾನ್ ಸೇದದವರಿಗೂ ಹಾನಿ ಮಾಡುತ್ತದೆ. ಸೇದುವವರನ್ನು ಬಹುಪಾಲು ಬಲಿ ತೆಗೆದುಕೊಳ್ಳುತ್ತದೆ. ಮಂಡಿಪೇಟೆಯ ಹಮಾಲರ ಬೀಡಿಯನ್ನೂ ಕಾಲೇಜು ಎದುರಿನ ಗೂಡಂಗಡಿಯ ಸಿಗರೇಟನ್ನೂ ಮುಟ್ಟದೆ, ಬರೀ ನೆಲದ ಬಿರುಕು ಮುಚ್ಚಲು ಹೊರಟ ಆಡಳಿತ ದುಡ್ಡು ಖರ್ಚು ಮಾಡೀತೇ ಹೊರತು ಜೀವ ಉಳಿಸದು. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಜಾರಿಯೂ ಈ ಅರ್ಥದಲ್ಲಿ ರೇಡಾನ್ ನಿಯಂತ್ರಣವೇ.

ಇನ್ನು ಭಾರತದ ಮನೆಗಳ ಸ್ಥಿತಿ. ಭಾಭಾ ಅಣು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಸಮೀಕ್ಷೆಯಲ್ಲಿ ದೇಶದ ಮನೆಗಳ ಸರಾಸರಿ ಘನ ಮೀಟರಿಗೆ ಸುಮಾರು 23 ಬೆಕ್ವೆರೆಲ್ ಎಂದು ಕಂಡುಬಂದಿತ್ತು. ಜಾಗತಿಕ ಸರಾಸರಿ 40ರ ಆಸುಪಾಸಿನಲ್ಲಿದೆ. ಚಳಿದೇಶಗಳಂತೆ ವರ್ಷವಿಡೀ ಬಾಗಿಲು ಜಡಿದು, ಒಳಗೆ ಬೆಂಕಿ ಹಾಕಿಕೊಂಡು ಬದುಕುವ ಪದ್ಧತಿ ನಮ್ಮದಲ್ಲ. ತೆರೆದ ಕಿಟಕಿ, ಹಿತ್ತಲ ಬಾಗಿಲು, ಹೆಂಚಿನ ಮಾಡಿನ ಸಂದು ಇವುಗಳೇ ನಮ್ಮ ಜನರನ್ನು ಅರಿವಿಲ್ಲದಂತೆ ಕಾಯುತ್ತ ಬಂದಿವೆ.

ಹಾಗಾದರೆ ದಾವಣಗೆರೆ, ಹರಿಹರಗಳಲ್ಲಿ ಈ ಚರ್ಚೆಯೇ ಏಕೆ ಎಂದು ಕೇಳಬಹುದು. ಸರಾಸರಿ 23 ಎಂದರೆ ಎಲ್ಲ ಕಡೆಯೂ 23 ಎಂದಲ್ಲ. ಅದೇ ಸಮೀಕ್ಷೆಯಲ್ಲಿ 5ಕ್ಕೂ ಕಡಿಮೆಯಿಂದ ಹಿಡಿದು 147ರವರೆಗೆ ಏರಿಳಿತವಿತ್ತು. ಅದಕ್ಕಿಂತ ಮುಖ್ಯವಾಗಿ, ಆ ಸರಾಸರಿಯನ್ನು ಕಾಯ್ದಿದ್ದ ಮನೆಗಳೇ ಈಗ ಬದಲಾಗುತ್ತಿವೆ.

ಬದಲಾದ ಕಟ್ಟಡಗಳು

2011ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ 4.34 ಲಕ್ಷ ದಾಟಿತ್ತು, ಹರಿಹರದ್ದು 83 ಸಾವಿರ. 1997ರಲ್ಲಿ ಜಿಲ್ಲಾ ಕೇಂದ್ರವಾಗಿ, 2007ರಲ್ಲಿ ಮಹಾನಗರ ಪಾಲಿಕೆಯಾಗಿ ಬೆಳೆದ ದಾವಣಗೆರೆಯಲ್ಲಿ ಜವಳಿ ಮಿಲ್ಲುಗಳ ಕಾಲ ಮುಗಿದು ಆಸ್ಪತ್ರೆ, ಕಾಲೇಜು, ತರಬೇತಿ ಕೇಂದ್ರ, ಬಹುಮಹಡಿ ಮಳಿಗೆಗಳ ಕಾಲ ಬಂದಿದೆ. ಪಿ.ಬಿ. ರಸ್ತೆ, ಅಶೋಕ ರಸ್ತೆ, ಪಿ.ಜೆ. ಬಡಾವಣೆಯಂಥ ಕಡೆಗಳಲ್ಲಿ ನಿವೇಶನದ ಬೆಲೆ ಏರಿದಂತೆ ಕಟ್ಟಡಗಳು ಮೇಲಕ್ಕೆ ಬೆಳೆದಷ್ಟೇ ಕೆಳಕ್ಕೂ ಇಳಿದಿವೆ. ಜನ ಸೆಲ್ಲಾರ್ ಎಂದು ಕರೆಯುವ ನೆಲಮಾಳಿಗೆಗೆ ನಕ್ಷೆಯಲ್ಲಿ ಕೊಡುವ ಕಾರಣ ವಾಹನ ನಿಲುಗಡೆ. ಆದರೆ ರಾಜ್ಯದ ಎಲ್ಲ ನಗರಗಳಂತೆ ಇಲ್ಲೂ ಅದು ಕಾಲಕ್ರಮೇಣ ಅಂಗಡಿ, ಉಗ್ರಾಣ, ತಪಾಸಣಾ ಕೇಂದ್ರ, ಪಾಠದ ಕೊಠಡಿಗಳಾಗುವುದು ಹೊಸತೇನಲ್ಲ.

ನೆಲಮಾಳಿಗೆಯ ನೆಲವಷ್ಟೇ ಅಲ್ಲ, ನಾಲ್ಕೂ ಗೋಡೆಗಳು ಮಣ್ಣಿಗೆ ತಾಗಿಕೊಂಡಿರುತ್ತವೆ. ಕಿಟಕಿ ಇಲ್ಲ, ಇದ್ದರೂ ಒಂದಡಿ ಎತ್ತರದ ಗವಾಕ್ಷಿ. ಹವಾನಿಯಂತ್ರಕ ಅಳವಡಿಸಿದ ಬಳಿಕ ಅದನ್ನೂ ಮುಚ್ಚಲಾಗುತ್ತದೆ. ಸಾಮಾನ್ಯವಾಗಿ ಬಳಸುವ ಹವಾನಿಯಂತ್ರಕ ಒಳಗಿನ ಗಾಳಿಯನ್ನೇ ತಂಪಾಗಿಸಿ ತಿರುಗಿ ಬಿಡುತ್ತದೆ, ಹೊಸ ಗಾಳಿ ತರುವುದಿಲ್ಲ ಎಂಬುದು ಹಲವರಿಗೆ ತಿಳಿಯದ ವಿಷಯ. ಇಂಥ ಜಾಗದಲ್ಲಿ ದಿನಕ್ಕೆ ಹತ್ತು ತಾಸು ಕುಳಿತು ರಕ್ತ ಪರೀಕ್ಷೆಯ ಚೀಟಿ ಬರೆಯುವ ಹುಡುಗಿಗೂ ಜೆರಾಕ್ಸ್ ಅಂಗಡಿಯ ಹುಡುಗನಿಗೂ ಮಾಲೀಕನಿಗಿಂತ ಹೆಚ್ಚು ರೇಡಾನ್ ತಗಲುತ್ತದೆ. ಲೆಕ್ಕಕ್ಕಾಗಿ ನೆಲಮಾಳಿಗೆಯಲ್ಲಿ 300 ಬೆಕ್ವೆರೆಲ್, ಮನೆಯಲ್ಲಿ 30 ಎಂದಿಟ್ಟುಕೊಳ್ಳೋಣ. ಹತ್ತು ತಾಸು ಅಲ್ಲಿ, ಹದಿನಾಲ್ಕು ತಾಸು ಇಲ್ಲಿ ಕಳೆದವರ ದಿನದ ಸರಾಸರಿ 142ಕ್ಕೆ ಏರುತ್ತದೆ. ಮನೆ ಎಷ್ಟೇ ಗಾಳಿಯಾಡುವಂತಿದ್ದರೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಮಟ್ಟವನ್ನು ಅವರು ದಾಟಿದಂತಾಯಿತು.

ವಾಸದ ಮನೆಗಳೂ ಹಿಂದಿನಂತಿಲ್ಲ. ಅಕ್ಕಪಕ್ಕದ ಗೋಡೆಗಳ ನಡುವೆ ಅಡಿ ಜಾಗ ಬಿಡದ ಮನೆಗಳಲ್ಲಿ ಕಿಟಕಿ ತೆರೆದರೂ ಗಾಳಿ ಬಾರದು. ತೆರೆಯುವವರೂ ಕಡಿಮೆ. ಸೊಳ್ಳೆ ಕಾಟದಿಂದ ಸಂಜೆ ಐದೂವರೆಗೆ ಕಿಟಕಿ ಮುಚ್ಚಿ ಬೆಳಿಗ್ಗೆ ತೆರೆಯುವುದು ಎರಡೂ ಊರುಗಳ ವಾಡಿಕೆ. ರಾತ್ರಿ ಮತ್ತು ನಸುಕಿನ ವೇಳೆಯೇ ರೇಡಾನ್ ಮಟ್ಟ ಅತಿ ಹೆಚ್ಚಿರುತ್ತದೆ. ಚರಂಡಿ ಸ್ವಚ್ಛವಾಗಿಡದ ಪಾಲಿಕೆಗೂ ಮಲಗುವ ಕೋಣೆಯ ರೇಡಾನಿಗೂ ಹೀಗೊಂದು ನಂಟು.

ನೆಲದ ಗುಣ, ನೀರಿನ ಗುಣ

ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಶಿಲೆಗಳಲ್ಲಿ ಸಾಮಾನ್ಯವಾಗಿ ಯುರೇನಿಯಂ ಅಂಶ ಹೆಚ್ಚು, ಪದರುಗಲ್ಲುಗಳಲ್ಲಿ ಕಡಿಮೆ. ಮಧ್ಯ ಕರ್ನಾಟಕದಲ್ಲಿ ಇವೆರಡೂ ಹೆಣೆದುಕೊಂಡಿರುವುದರಿಂದ ಒಂದು ಬಡಾವಣೆಯ ಅಳತೆ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಜತೆಗೆ ಎರೆಮಣ್ಣಿನ ಗುಣವೊಂದಿದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಾಯ್ಬಿಡುವ ಈ ಮಣ್ಣಿನ ಮೇಲೆ ಕಟ್ಟಿದ ಮನೆಗಳ ನೆಲ, ಗೋಡೆ ಬಿರುಕು ಬಿಡುವುದು ಇಲ್ಲಿನ ಗಾರೆ ಕೆಲಸದವರಿಗೆಲ್ಲ ಗೊತ್ತಿರುವ ವಿಚಾರ. ಮಳೆಗಾಲದಲ್ಲಿ ಸುತ್ತಲಿನ ಮಣ್ಣು ನೀರು ಕುಡಿದು ಬಿಗಿಯಾದಾಗ ಅನಿಲಕ್ಕೆ ಮೇಲೆ ಬರಲು ಉಳಿಯುವ ಒಣ ದಾರಿ ಮನೆಯ ಅಡಿಯದೇ. ಜನ ಬಾಗಿಲು ಕಿಟಕಿ ಹಾಕಿಕೊಳ್ಳುವುದೂ ಅದೇ ತಿಂಗಳುಗಳಲ್ಲಿ.

ನೆಲಹಾಸಿನ ಗ್ರಾನೈಟ್ ಬಗ್ಗೆ ಆಗಾಗ ಭೀತಿ ಹಬ್ಬುವುದುಂಟು. ಮೈಸೂರು, ಬೆಂಗಳೂರು ನಗರಗಳ ಮನೆಗಳಲ್ಲಿ ವಿಶ್ವವಿದ್ಯಾಲಯಗಳ ಭೌತವಿಜ್ಞಾನಿಗಳು ನಡೆಸಿದ ಅಧ್ಯಯನಗಳಲ್ಲಿ ಗ್ರಾನೈಟ್ ನೆಲ ಮತ್ತು ಗಾಳಿಯಾಡದ ಕೋಣೆಗಳೆರಡೂ ಸೇರಿದಲ್ಲಿ ಮಟ್ಟ ಹೆಚ್ಚಿರುವುದು ಕಂಡಿದೆ. ಆದರೆ ಮಣ್ಣಿನಿಂದ ಬರುವ ಅನಿಲದ ಮುಂದೆ ಒಂದಂಗುಲ ದಪ್ಪದ ಕಲ್ಲಿನ ಪಾಲು ಸಾಮಾನ್ಯವಾಗಿ ಚಿಕ್ಕದು. ಹಾಸುಗಲ್ಲು ಕಿತ್ತು ಎಸೆಯುವುದಕ್ಕಿಂತ ಕಿಟಕಿ ತೆರೆಯುವುದು ಲೇಸು.

ನೀರಿನ ವಿಷಯಕ್ಕೆ ಬಂದರೆ ಇಲ್ಲಿನ ಜನ ಅದೃಷ್ಟವಂತರು. ರಾಜನಹಳ್ಳಿಯಿಂದ ಬರುವ ತುಂಗಭದ್ರೆಯ ನೀರು, ಭದ್ರಾ ನಾಲೆಯಿಂದ ಕುಂದವಾಡ ಕೆರೆ ಹಾಗೂ ಟಿ.ವಿ. ಸ್ಟೇಷನ್ ಕೆರೆಗೆ ತುಂಬಿಸಿಕೊಳ್ಳುವ ನೀರು ತೆರೆದ ಮೇಲ್ಮೈಯವು. ಗಾಳಿಗೆ ತೆರೆದುಕೊಂಡ ನೀರಿನಲ್ಲಿ ರೇಡಾನ್ ನಿಲ್ಲದು. ಹೆಚ್ಚಿರುವುದು ಆಳದ ಕೊಳವೆಬಾವಿಗಳಲ್ಲಿ. ಶಿವಮೊಗ್ಗ, ಹಾಸನ ಜಿಲ್ಲೆಗಳ ಅಂತರ್ಜಲದಲ್ಲಿ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ರೇಡಾನ್ ಅಳೆದಿದ್ದಾರೆ. ನೀರಿನಿಂದ ಮನೆಯ ಗಾಳಿಗೆ ಸೇರುವುದು ಸ್ಥೂಲವಾಗಿ ಹತ್ತು ಸಾವಿರದಲ್ಲಿ ಒಂದು ಪಾಲು: ಲೀಟರಿಗೆ 100 ಬೆಕ್ವೆರೆಲ್ ಇರುವ ಬಾವಿಯ ನೀರು ಬಳಸಿದರೆ ಮನೆಯ ಗಾಳಿಯಲ್ಲಿ ಘನ ಮೀಟರಿಗೆ 10 ಹೆಚ್ಚಾದೀತು. ಮೇಲಿನ ಟ್ಯಾಂಕಿಗೆ ರಭಸದಿಂದ ಬಿಟ್ಟು ಒಂದೆರಡು ದಿನ ನಿಲ್ಲಿಸಿದರೆ ಅದೂ ಇಳಿಯುತ್ತದೆ. ಅದೇ ಬಾವಿಯಲ್ಲಿರಬಹುದಾದ ಯುರೇನಿಯಂ ಮಾತ್ರ ನಿಲ್ಲಿಸಿಟ್ಟರೆ ಹೋಗುವಂಥದ್ದಲ್ಲ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಪೂರ್ವ ಕರ್ನಾಟಕದ ಹಲವು ಜಿಲ್ಲೆಗಳ ಕೊಳವೆಬಾವಿಗಳು ಈ ಮಿತಿ ಮೀರಿರುವುದು ವರದಿಯಾಗಿದೆ. ಅದು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕಾದ ವಿಷಯ.

ಎರಡು ಪಟ್ಟಿ, ಒಂದೇ ಅಂಕಿ

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಒಂದು ಸ್ವಾರಸ್ಯವಿದೆ. ಕೇಂದ್ರ ಪಟ್ಟಿಯ 6ನೇ ನಮೂದು ಅಣುಶಕ್ತಿಗೆ ಸಂಬಂಧಿಸಿದ್ದು. ರಾಜ್ಯ ಪಟ್ಟಿಯ 6ನೇ ನಮೂದು ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ. ರೇಡಾನ್ ಇವೆರಡರ ನಡುವೆ ಸಿಕ್ಕಿಕೊಂಡಿದೆ. ವಿಕಿರಣ ಎಂದೊಡನೆ ಅದು ಮುಂಬಯಿಯವರ ಕೆಲಸ ಎಂದು ಸ್ಥಳೀಯ ಅಧಿಕಾರಿ ತಿಳಿಯುತ್ತಾರೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿತ್ಯದ ಕೆಲಸವಾದರೋ ಅಣು ಸ್ಥಾವರ, ಆಸ್ಪತ್ರೆಯ ಎಕ್ಸ್‌ರೇ, ಕೈಗಾರಿಕಾ ವಿಕಿರಣ ಉಪಕರಣಗಳ ಮೇಲ್ವಿಚಾರಣೆ. ಹೀಗಾಗಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಎಕ್ಸ್‌ರೇ ಯಂತ್ರಕ್ಕೆ ಪರವಾನಗಿ ಬೇಕು; ಅದೇ ನೆಲಮಾಳಿಗೆಯ ಗಾಳಿಯಲ್ಲಿರುವ ವಿಕಿರಣದ ಬಗ್ಗೆ ಯಾರೂ ಕೇಳುವುದಿಲ್ಲ.

ಕಟ್ಟಡವನ್ನು ನಿಯಂತ್ರಿಸುವ ಅಧಿಕಾರ ಮಾತ್ರ ಸಂಪೂರ್ಣವಾಗಿ ಇಲ್ಲಿಯದೇ. 74ನೇ ತಿದ್ದುಪಡಿಯ ಮೂಲಕ ಬಂದ 12ನೇ ಅನುಸೂಚಿಯ 18 ವಿಷಯಗಳಲ್ಲಿ ಭೂಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ, ನೀರು ಪೂರೈಕೆ, ಸಾರ್ವಜನಿಕ ಆರೋಗ್ಯ ಮೂರೂ ಸೇರಿವೆ. ದಾವಣಗೆರೆ ಪಾಲಿಕೆಗೆ 1976ರ ಪೌರನಿಗಮಗಳ ಕಾಯ್ದೆ, ಹರಿಹರ ನಗರಸಭೆಗೆ 1964ರ ಪುರಸಭೆಗಳ ಕಾಯ್ದೆ ಅನ್ವಯಿಸುತ್ತವೆ. ಎರಡೂ ಕಾಯ್ದೆಗಳು ಕಟ್ಟಡ ಪರವಾನಗಿ ಕೊಡುವ, ಷರತ್ತು ವಿಧಿಸುವ, ಉಪವಿಧಿ ರಚಿಸುವ ಅಧಿಕಾರ ನೀಡಿವೆ. ಹೊಸ ಬಡಾವಣೆಗಳ ವಿನ್ಯಾಸಕ್ಕೆ ಒಪ್ಪಿಗೆ ಕೊಡುವುದು ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಎರಡೂ ಊರುಗಳಿಗೆ ಒಂದೇ ಪ್ರಾಧಿಕಾರವಿರುವುದು ಈ ವಿಷಯದಲ್ಲಿ ಅನುಕೂಲವೇ ಸರಿ.

ಬ್ರಿಟನ್, ಐರ್ಲೆಂಡ್‌ಗಳಲ್ಲಿ ರೇಡಾನ್ ಹೆಚ್ಚಿರುವ ಪ್ರದೇಶಗಳ ನಕ್ಷೆ ತಯಾರಿಸಿ, ಅಲ್ಲಿ ಹೊಸ ಕಟ್ಟಡ ಕಟ್ಟುವವರು ನೆಲದಡಿ ಅನಿಲ ತಡೆಯುವ ಹಾಳೆ ಹಾಕಲೇಬೇಕೆಂಬ ನಿಯಮ ಮಾಡಿದ್ದಾರೆ. ಪರಿಶೀಲಿಸುವುದು ಸ್ಥಳೀಯ ಕಟ್ಟಡ ನಿಯಂತ್ರಣ ವಿಭಾಗ. ಬ್ರಿಟನ್ನಿನಲ್ಲಿ ಕೆಲಸದ ಸ್ಥಳದ ಗಾಳಿಯಲ್ಲಿ 300 ಬೆಕ್ವೆರೆಲ್ ಮೀರಿದರೆ ಉದ್ಯೋಗದಾತ ಕ್ರಮ ಕೈಗೊಳ್ಳಬೇಕು. ಇದನ್ನೆಲ್ಲ ಯಥಾವತ್ತಾಗಿ ಇಲ್ಲಿಗೆ ತರಬೇಕೆಂಬ ವಾದಕ್ಕೆ ಅರ್ಥವಿಲ್ಲ. ಆದರೆ ಅಲ್ಲಿನ ಕ್ರಮವನ್ನು ಗಮನಿಸಬೇಕು: ಮೊದಲು ಅಳತೆ, ಆನಂತರ ನಕ್ಷೆ, ಕೊನೆಗೆ ನಿಯಮ.

ಇರುವ ನಿಯಮದ ಗತಿ

ಹೊಸ ನಿಯಮದ ಮಾತಿಗೆ ಮುಂಚೆ ಇರುವ ನಿಯಮದ ಗತಿಯೇನಾಗಿದೆ ಎಂದು ನೋಡಬೇಕು. 2024ರ ಜುಲೈ 27ರಂದು ದೆಹಲಿಯ ಹಳೆ ರಾಜೇಂದ್ರ ನಗರದ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಉಗ್ರಾಣ ಹಾಗೂ ವಾಹನ ನಿಲುಗಡೆಗೆಂದು ಅನುಮತಿ ಪಡೆದಿದ್ದ ಜಾಗ ಗ್ರಂಥಾಲಯವಾಗಿತ್ತು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತು. ಸಾವಿಗೆ ಕಾರಣ ನೀರು, ರೇಡಾನ್ ಅಲ್ಲ. ಆದರೆ ಉಲ್ಲಂಘನೆ ಒಂದೇ ಬಗೆಯದು: ಮನುಷ್ಯರು ತಾಸುಗಟ್ಟಲೆ ಇರಬಾರದ ಜಾಗದಲ್ಲಿ ಮನುಷ್ಯರನ್ನು ಕೂರಿಸಿದ್ದು. ನಕ್ಷೆಯಲ್ಲಿ ನಿಲುಗಡೆ ಎಂದಿರುವ ಜಾಗಕ್ಕೆ ಅದೇ ಸಂಸ್ಥೆಯ ಇನ್ನೊಂದು ಮೇಜು ಉದ್ದಿಮೆ ಪರವಾನಗಿ ಕೊಡುವ ಪರಿಪಾಠ ನಿಂತರೆ, ನೀರು, ಬೆಂಕಿ, ರೇಡಾನ್ ಮೂರರ ಅಪಾಯವೂ ಒಟ್ಟಿಗೇ ತಗ್ಗುತ್ತದೆ. ಅದಕ್ಕೆ ಹೊಸ ಉಪವಿಧಿಯೂ ಬೇಡ, ವಿಜ್ಞಾನಿಯೂ ಬೇಡ.

ಮಳೆನೀರು ಸಂಗ್ರಹದ ಷರತ್ತಿನ ಅನುಭವವೂ ಎಚ್ಚರಿಕೆ ಹೇಳುತ್ತದೆ. ನಕ್ಷೆಯಲ್ಲಿ ಗುಂಡಿ ಬರೆದು ಒಪ್ಪಿಗೆ ಪಡೆದು, ಮನೆ ಮುಗಿದಾಗ ಗುಂಡಿಯ ಜಾಗದಲ್ಲಿ ಸ್ಕೂಟರ್ ನಿಲ್ಲಿಸುವುದು ಎಲ್ಲ ಊರುಗಳ ಕಥೆ. ರೇಡಾನ್ ತಡೆಯೂ ಕಾಗದದ ಮೇಲಿನ ಇನ್ನೊಂದು ಗೆರೆಯಾದರೆ ಲಾಭ ನಕ್ಷೆ ಬರೆದವರಿಗೆ ಮಾತ್ರ.

ಜಗಳೂರಿನ ಪಾಠ

ನೆಲದೊಳಗಿನ ಕಾಣದ ವಸ್ತುವೊಂದು ಜನರ ಆರೋಗ್ಯ ಕೆಡಿಸುವುದು ಈ ಜಿಲ್ಲೆಗೆ ಹೊಸದಲ್ಲ. ಜಗಳೂರು ತಾಲ್ಲೂಕಿನ ಕೊಳವೆಬಾವಿಗಳ ಫ್ಲೋರೈಡ್ ಒಂದು ತಲೆಮಾರಿನ ಹಲ್ಲು ಮತ್ತು ಮೂಳೆಗಳ ಮೇಲೆ ಗುರುತು ಬಿಟ್ಟಿದೆ. ಅದೂ ಕಲ್ಲಿನಿಂದಲೇ ಬಂದದ್ದು. ಅದಕ್ಕೂ ಬಣ್ಣ, ವಾಸನೆ ಇರಲಿಲ್ಲ. ಬಾವಿಗಳ ನೀರನ್ನು ಒಂದೊಂದಾಗಿ ಪರೀಕ್ಷಿಸಿ ಫಲಿತಾಂಶ ಬರೆದಿಟ್ಟ ಮೇಲೆಯೇ ಶುದ್ಧ ಕುಡಿಯುವ ನೀರಿನ ಘಟಕ, ಹರಿಹರ ತಾಲ್ಲೂಕಿನ ದೀಟೂರಿನಿಂದ ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಯಂಥವುಗಳಿಗೆ ಬಲ ಬಂತು. ವ್ಯತ್ಯಾಸವೆಂದರೆ ಫ್ಲೋರೈಡ್ ಪೀಡಿತನ ಬಾಗಿದ ಬೆನ್ನು ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶದ ಕ್ಯಾನ್ಸರ್ ರೋಗಿಯ ಮುಂದೆ ಕುಳಿತ ವೈದ್ಯರಿಗೂ ಇದು ಇಂಥದ್ದರಿಂದಲೇ ಬಂತೆಂದು ಹೇಳಲಾಗದು. ಕಾಯಿಲೆಯನ್ನು ಕಾದು ಕುಳಿತರೆ ರೇಡಾನ್ ಎಂದೂ ಸಿಕ್ಕಿಬೀಳುವುದಿಲ್ಲ. ಅದನ್ನು ಅಳತೆಯಿಂದಲೇ ಹಿಡಿಯಬೇಕು.

ಅಳತೆ ದುಬಾರಿಯ ಕೆಲಸವಲ್ಲ. ಉಗುರಗಲದ ಪ್ಲಾಸ್ಟಿಕ್ ಫಿಲ್ಮ್ ಇರುವ ಪುಟ್ಟ ಡಬ್ಬಿಯನ್ನು ಕೋಣೆಯಲ್ಲಿ ಮೂರು ತಿಂಗಳು ತೂಗುಹಾಕಿದರೆ ಆಲ್ಫಾ ಕಣಗಳು ಅದರ ಮೇಲೆ ಗೀರು ಮೂಡಿಸುತ್ತವೆ. ಪ್ರಯೋಗಾಲಯದಲ್ಲಿ ಕ್ಷಾರದಲ್ಲಿ ತೊಳೆದು ಗೀರುಗಳನ್ನು ಎಣಿಸುತ್ತಾರೆ. ವಿದ್ಯುತ್ ಬೇಡ, ಶಬ್ದವಿಲ್ಲ. ಭಾಭಾ ಕೇಂದ್ರವೇ ಇದಕ್ಕೆ ಬೇಕಾದ ಡಬ್ಬಿಗಳನ್ನು ರೂಪಿಸಿದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣವನ್ನೇ ಅಧ್ಯಯನ ಮಾಡುವ ಉನ್ನತ ಸಂಶೋಧನಾ ಕೇಂದ್ರವಿದೆ. ಮೈಸೂರು, ಕುವೆಂಪು ವಿಶ್ವವಿದ್ಯಾಲಯಗಳ ಭೌತಶಾಸ್ತ್ರ ವಿಭಾಗಗಳಿಗೆ ಈ ಕೆಲಸ ಪರಿಚಿತ. ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ ಬೆಳೆದು 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ವಿದ್ಯಾನಗರಿ ಎಂದು ಹೆಮ್ಮೆಯಿಂದ ಕರೆದುಕೊಳ್ಳುವ ಊರಿಗೆ ಡಬ್ಬಿ ತೂಗುಹಾಕುವ ವಿದ್ಯಾರ್ಥಿಗಳ ಕೊರತೆಯೇನೂ ಇಲ್ಲ. ಆದರೆ ಸಂಶೋಧಕರ ಅಂಕಿಗಳು ಪ್ರಬಂಧಗಳಲ್ಲೂ ಪಾಲಿಕೆಯ ಕಡತಗಳು ಕಪಾಟಿನಲ್ಲೂ ಇದ್ದು, ಇವೆರಡೂ ಪರಸ್ಪರ ಭೇಟಿಯಾಗುವುದೇ ಇಲ್ಲ.

ಎಲ್ಲಿಂದ ಆರಂಭ?

ಖಾಸಗಿ ಮನೆಗಳಿಂದ ಆರಂಭಿಸುವುದು ತಪ್ಪು ದಾರಿ. ಮನೆಯ ಮಟ್ಟ ಹೆಚ್ಚಿದೆ ಎಂಬ ಮಾತು ಹೊರಬಿದ್ದರೆ ಬಾಡಿಗೆಗೆ, ಮಾರಾಟಕ್ಕೆ ಕುತ್ತು ಎಂದು ಮಾಲೀಕ ಬಾಗಿಲನ್ನೇ ತೆರೆಯಲಾರ. ಬಾಡಿಗೆದಾರನಿಗೆ ಗೊತ್ತಾದರೂ ನೆಲ ಅಗೆಸುವ ಹಕ್ಕು ಅವನಿಗಿಲ್ಲ. ಭಯದ ವ್ಯಾಪಾರಿಗಳೂ ಕಾದಿರುತ್ತಾರೆ. ನೀರು ಶುದ್ಧೀಕರಿಸುವ ಯಂತ್ರ ಮಾರಿದವರು ನಾಳೆ ವಿಕಿರಣ ತಡೆಯುವ ಬಣ್ಣ ಮಾರಲಾರರೆಂದು ಹೇಳಲಾಗದು.

ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಕಟ್ಟಡಗಳಿಂದ ತೊಡಗಬಹುದು: ಪಾಲಿಕೆಯ ಕಚೇರಿ, ಬಾಡಿಗೆಗೆ ಕೊಟ್ಟ ಮಳಿಗೆಗಳ ನೆಲಮಾಳಿಗೆ, ನೆಲಮಟ್ಟದ ಅಂಗನವಾಡಿಗಳು, ಸರ್ಕಾರಿ ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆ. ಮಕ್ಕಳು ಮತ್ತು ಸಂಬಳಕ್ಕೆ ದುಡಿಯುವವರು ತಾವು ಕೂರುವ ಕೋಣೆಯನ್ನು ತಾವೇ ಆಯ್ದುಕೊಂಡವರಲ್ಲ ಎಂಬುದೇ ಇದಕ್ಕೆ ಸಾಕಷ್ಟು ಕಾರಣ. ಶುದ್ಧ ವಾಯು ಕಾರ್ಯಕ್ರಮದ ಅನುದಾನ ಹೊರಗಿನ ದೂಳಿಗೆಂದೇ ಬಂದದ್ದು ನಿಜ. ಆದರೆ ಡಬ್ಬಿಗಳ ವೆಚ್ಚ ಪಾಲಿಕೆಯ ಸ್ವಂತ ನಿಧಿಗೂ ಭಾರವಾಗದು.

ಮಟ್ಟ ಹೆಚ್ಚು ಕಂಡಲ್ಲಿ ಮಾಡಬೇಕಾದದ್ದೂ ಮಾಂತ್ರಿಕವಲ್ಲ. ಗವಾಕ್ಷಿ ತೆರೆದು ಹೊರದೂಡುವ ಫ್ಯಾನ್ ಹಾಕುವುದು, ಬಿರುಕು ಮುಚ್ಚುವುದು ಮೊದಲ ಹಂತ. ಇಲ್ಲಿ ಒಂದು ಎಚ್ಚರ ಬೇಕು. ಗಾಳಿ ಒಳಬರಲು ದಾರಿಯಿಲ್ಲದ ಕೋಣೆಯಲ್ಲಿ ಹೊರದೂಡುವ ಫ್ಯಾನ್ ಒಂದನ್ನೇ ಹಾಕಿದರೆ ಅದು ನೆಲದಿಂದಲೇ ಅನಿಲ ಎಳೆದುಕೊಂಡೀತು. ಅಷ್ಟಕ್ಕೂ ಇಳಿಯದಿದ್ದರೆ ಕಾಂಕ್ರೀಟ್ ಹಾಸಿಗೆ ತೂತು ಕೊರೆದು, ನಾಲ್ಕು ಅಂಗುಲದ ಪಿವಿಸಿ ಕೊಳವೆ ಇಳಿಸಿ, ಚಿಕ್ಕ ಫ್ಯಾನಿನಿಂದ ನೆಲದಡಿಯ ಗಾಳಿಯನ್ನು ಮಾಳಿಗೆಯ ಮೇಲಕ್ಕೆ ಸೆಳೆದು ಬಿಡುವ ವಿಧಾನವಿದೆ. ಜಗತ್ತಿನಾದ್ಯಂತ ಅತ್ಯಂತ ಪರಿಣಾಮಕಾರಿ ಎನಿಸಿರುವುದು ಇದೇ. ಹೊಸ ಕಟ್ಟಡವಾದರೆ ಇನ್ನೂ ಸರಳ. ನೆಲ ಹಾಕುವ ಮುನ್ನ ಜಲ್ಲಿಯ ಪದರ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲಕ್ಕೆ ಒಯ್ಯುವ ಒಂದು ಕೊಳವೆ. ಮನೆ ಕಟ್ಟುವ ಒಟ್ಟು ಖರ್ಚಿನಲ್ಲಿ ಇದು ಗಣನೆಗೆ ಬಾರದಷ್ಟು; ಕಟ್ಟಿದ ಮೇಲೆ ಮಾಡಲು ಹೊರಟರೆ ಟೈಲ್ಸ್ ಒಡೆಯಬೇಕು. ಅದೇ ಹಾಳೆ ಎರೆಮಣ್ಣಿನ ತೇವ ಗೋಡೆಗೇರುವುದನ್ನೂ ತಡೆಯುವುದರಿಂದ ಮೇಸ್ತ್ರಿಗಳನ್ನು ಒಪ್ಪಿಸುವುದು ಕಷ್ಟವಾಗಲಾರದು.

ಹರಿಹರದ ಪರಿಸ್ಥಿತಿ ಕೊಂಚ ಬೇರೆ. ಹರಿಹರೇಶ್ವರ ದೇವಾಲಯದ ಸುತ್ತಲಿನ ಹಳೆಯ ಕೇರಿಗಳಲ್ಲಿ ಮಣ್ಣಿನ ಗೋಡೆ, ಸಂದು ಬಿಟ್ಟ ಕಲ್ಲುಹಾಸಿನ ಮನೆಗಳು ಉಳಿದಿವೆ. ಮಣ್ಣಿಗೂ ಕೋಣೆಗೂ ನಡುವೆ ತಡೆಯೇ ಇಲ್ಲದ ಇಂಥ ಮನೆಗಳಲ್ಲಿ ಅನಿಲ ಸುಲಭವಾಗಿ ಒಳಬರುತ್ತದೆ. ಮಾಡಿನ ಸಂದಿನಿಂದ ಅಷ್ಟೇ ಸುಲಭವಾಗಿ ಹೊರಹೋಗುತ್ತದೆ. ಮಾಡು ತೆಗೆದು ಕಾಂಕ್ರೀಟ್ ಛಾವಣಿ ಹಾಕಿ, ಕೆಳಗಿನ ನೆಲ ಹಾಗೆಯೇ ಬಿಟ್ಟಾಗ ಲೆಕ್ಕ ತಪ್ಪುತ್ತದೆ. ವಸತಿ ಯೋಜನೆಗಳ ನೆರವಿನಲ್ಲಿ ಮನೆ ದುರಸ್ತಿ ಮಾಡಿಕೊಳ್ಳುವವರಿಗೆ ಎದುರು ಬದುರು ಕಿಟಕಿ ಇಡಿಸಬೇಕೆಂದು ಹೇಳುವ ಕೆಲಸ ನಗರಸಭೆಯ ಎಂಜಿನಿಯರಿಗೆ ಸೇರಿದ್ದು. ನೆರೆ ಬಂದಾಗ ನೀರು ನುಗ್ಗುವ ಗಂಗಾನಗರದಂಥ ತಗ್ಗಿನ ಬಡಾವಣೆಗಳಲ್ಲಿ ಜನರ ಮೊದಲ ಚಿಂತೆ ನದಿಯೇ ಆಗಿರುವುದು ಸಹಜ. ಅಲ್ಲಿ ರೇಡಾನ್ ಮಾತೆತ್ತುವವರು ತುಸು ಸಂಕೋಚದಿಂದಲೇ ಎತ್ತಬೇಕು.

ಒಂದೇ ಋತುವಿನ ಅಳತೆ ದಾರಿ ತಪ್ಪಿಸುತ್ತದೆ. ಕಿಟಕಿಗಳೆಲ್ಲ ತೆರೆದಿರುವ ಏಪ್ರಿಲ್‌ನಲ್ಲಿ ತೂಗುಹಾಕಿದ ಡಬ್ಬಿ ಎಲ್ಲವೂ ಸರಿಯಿದೆ ಎಂದೇ ಹೇಳೀತು. ಜೂನ್‌ನಿಂದ ಆಗಸ್ಟ್‌ವರೆಗೆ ಒಮ್ಮೆ, ಚಳಿಗಾಲದಲ್ಲಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಬೇಕು. ಶಾಲೆಗಳು ತೆರೆಯುವ ವೇಳೆಗೆ ಡಬ್ಬಿಗಳು ಗೋಡೆಯೇರಬೇಕಾದರೆ ಪಾಲಿಕೆ ಮತ್ತು ನಗರಸಭೆಗಳ ಮುಂಗಡಪತ್ರದಲ್ಲಿ ಅದಕ್ಕೊಂದು ಸಾಲು ಫೆಬ್ರುವರಿ–ಮಾರ್ಚ್‌ನಲ್ಲೇ ಬರೆದಿರಬೇಕಾಗುತ್ತದೆ.